ರೇಟು ಹೇಳುವ ಬಿಮಲಕ್ಕ

ಬಿಮಲಕ್ಕ ಫೋನು ಎತ್ತಿದರೆ ಹಲೋ ಎನ್ನುತ್ತಿರಲಿಲ್ಲ. "ರೇಟು ಆಮೇಲೆ ಹೇಳ್ತೀನಿ, ಮೊದ್ಲು ಅಟ್ಟದ ಮೇಲಿರೋ ಕಾಯಿ ಅಲ್ಲಾಡಿಸ್ಕೊಂಡು ಬನ್ನಿ. ನೀರೈತಾ, ಇಲ್ವಾ?" ಎಂದೇ ಶುರು. ಅತ್ತ ಕಡೆ ಯಾರಿದ್ದಾರೆ, ಯಾವ ಊರು, ಗಂಡಸೋ ಹೆಂಗಸೋ, ಒಂದನ್ನೂ ವಿಚಾರಿಸುತ್ತಿರಲಿಲ್ಲ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಯಾವುದೋ ಸಭೆಗೆ ಕರೆಯಲು ಫೋನು ಮಾಡಿದಾಗಲೂ ಇದೇ ಪ್ರಶ್ನೆ ಹೋಯಿತು. ಆ ಪುಣ್ಯಾತ್ಮರು "ಅಮ್ಮಾ, ನನಗೆ ತೋಟ ಇಲ್ಲ" ಎಂದು ಸಂಕೋಚದಿಂದ ಹೇಳಿದರು. ಪಕ್ಕದಲ್ಲಿ ಕೂತಿದ್ದ ನಾನು ತಲೆ ಚಚ್ಚಿಕೊಂಡೆ. ಅವಳು ಮಾತ್ರ "ಇಲ್ದಿದ್ರೆ ಪರ್ವಾಗಿಲ್ಲ ಬಿಡಿ ಸಾರ್" ಎಂದು ಅವರನ್ನೇ ಸಮಾಧಾನಪಡಿಸಿದಳು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ನಾವು ತೆಂಗಿನಕಾಯಿಯನ್ನು ಕೆಡವಿದ ಕೂಡಲೇ ಮಾರುವವರಲ್ಲ. ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದನ್ನು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಸುಲಿದು ಚಿಪ್ಪು ಒಡೆದರೆ ಚೆಂಡಿನಂಥ ಇಡೀ ಕೊಬ್ಬರಿ ಕೈಗೆ ಬರುತ್ತದೆ. ಅದಕ್ಕೆ ನಮ್ಮಲ್ಲಿ ಗಿಟುಕು ಎನ್ನುತ್ತೇವೆ. ನೀರಿರುವಾಗಲೇ ಒಡೆದರೆ ಮುಗಿಯಿತು, ಮತ್ತೆ ಅಟ್ಟಕ್ಕೆ ಹಾಕಲು ಬರುವುದಿಲ್ಲ, ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಇಷ್ಟೆಲ್ಲ ಅರೆದು ಕುಡಿದ ನಾವೇ, ರೇಟು ಏರಿತು ಎಂಬ ಸುದ್ದಿ ಕಿವಿಗೆ ಬಿದ್ದರೆ ಕಾಯಿ ಅಲ್ಲಾಡಿಸಿ ನೋಡುವುದನ್ನೂ ಮರೆತು ಸುಲಿಯುವ ಆಳುಗಳನ್ನು ಕರೆಯಲು ಓಡುತ್ತೇವೆ.

ಇದನ್ನು ಮೂರು ತಾಲೂಕಿಗೆ ನೆನಪು ಮಾಡುತ್ತಿದ್ದವಳು ತೆಂಗಿನಮರವನ್ನೇ ಕಾಣದ ಊರಿನಿಂದ ಬಂದಿದ್ದಳು. ನೇಪಾಳದ ಪೂರ್ವಕ್ಕೆ ಗುಡ್ಡದ ಮೇಲಿನ ಒಂದು ಹಳ್ಳಿ. ಅಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರಂತೆ, ನಮ್ಮ ಪಲಾವಿಗೆ ಹಾಕುತ್ತೇವಲ್ಲ, ಆ ಕಪ್ಪಗಿನದು. ಗಂಡ ಧನಬಹದ್ದೂರ್ ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ಕಾವಲುಗಾರನಾಗಿ ಬಂದ, ವರ್ಷದ ಮೇಲೆ ಇವಳೂ ಬಂದಳು. ಮಂಡಿಯ ಹಿಂದಿನ ಒಂದು ಕೋಣೆಯಲ್ಲಿ ಸಂಸಾರ. ಹಗಲು ಅದೇ ಮಂಡಿಯಲ್ಲಿ ಗಿಟುಕು ಆರಿಸುವ ಕೆಲಸ. ಜೊತೆಯ ಹೆಂಗಸರು ಮೊದಲ ದಿನ ಇವಳ ತಟ್ಟೆಗೆ ರಾಗಿಮುದ್ದೆ ಇಟ್ಟು, ಹೇಗೆ ತಿನ್ನುತ್ತಾಳೋ ನೋಡೋಣ ಎಂದು ಕಾದರಂತೆ. ಇವಳು ಮುರಿದು, ಅದ್ದಿ, ಗುಳುಕ್ ಎಂದು ನುಂಗಿ ಇನ್ನೊಂದು ಕೇಳಿದಳು. ಅವರ ಊರಲ್ಲೂ ಇಂಥದ್ದೇ ಒಂದಿದೆಯಂತೆ, ಢಿಂಡೊ ಎಂದು ಕರೆಯುತ್ತಾರಂತೆ. ಅಂದಿನಿಂದ ಆ ಹೆಂಗಸರಿಗೆ ಇವಳು ನಮ್ಮವಳಾದಳು. ಬಿಮಲಾ ಎನ್ನಲು ಬಾರದ ಬಾಯಿಗಳು ವಿಮಲಮ್ಮ ಎಂದವು. "ಎರಡಕ್ಕೂ ಓ ಅಂತೀನಿ" ಎಂದು ಇವಳು ಒಪ್ಪಿಕೊಂಡಳು.

ಇಂಥವಳು ಕೊಬ್ಬರಿ ರೇಟು ಹೇಳುವ ಸುದ್ದಿಮನೆ ಕಟ್ಟಿದ್ದು ಹೇಗೆ ಎಂದು ಕೇಳಲು ಕಾಲೇಜಿನ ಹುಡುಗಿಯರು ಬರುತ್ತಿದ್ದರು. ಕನಸು, ಛಲ, ಗುರಿ ಎಂದು ಬರೆದುಕೊಳ್ಳಲು ಪೆನ್ನು ತೆರೆದು ಕೂರುತ್ತಿದ್ದರು. ಬಿಮಲಕ್ಕನ ಉತ್ತರ ಒಂದೇ: "ಗಂಟ್ಲು ಕಟ್ಟೋಯ್ತು ಕಣಮ್ಮ, ಅದ್ಕೆ." ನಿಜವಾಗಿ ನಡೆದದ್ದೂ ಅಷ್ಟೇ. ಕೊಬ್ಬರಿ ಹರಾಜಾಗುವ ಟೆಂಡರಿನ ದಿನ ಹಳ್ಳಿಗಳಿಂದ ರೇಟು ಕೇಳಲು ಮಂಡಿಗೆ ಫೋನುಗಳು ಬರುತ್ತಿದ್ದವು. ಗುಮಾಸ್ತರು ಎತ್ತುತ್ತಿರಲಿಲ್ಲ. ಜನ ಹೇಗೋ ಕಾವಲುಗಾರನ ನಂಬರು ಹಿಡಿದರು. ಧನಬಹದ್ದೂರನಿಗೆ ಕನ್ನಡ ಬಾರದು, ಹಾಂಜೀ ಹಾಂಜೀ ಎಂದು ಹೆಂಡತಿಯ ಕೈಗೆ ದಾಟಿಸುತ್ತಿದ್ದ. ಒಂದೇ ರೇಟನ್ನು ಮಧ್ಯಾಹ್ನದೊಳಗೆ ನಲವತ್ತು ಜನಕ್ಕೆ ಹೇಳಿ ಹೇಳಿ ಗಂಟಲು ಹೋದ ಮೇಲೆ, ಇವಳು ಅದನ್ನು ಒಮ್ಮೆ ಫೋನಿನಲ್ಲಿ ರೆಕಾರ್ಡು ಮಾಡಿ ಅಷ್ಟೂ ಜನಕ್ಕೆ ಕಳಿಸಿಬಿಟ್ಟಳು. ನಲವತ್ತು ಜನ ಇನ್ನಷ್ಟು ಜನಕ್ಕೆ ದಾಟಿಸಿದರು. ಆರು ತಿಂಗಳಲ್ಲಿ ಅದಕ್ಕೆ 'ಗಿಟುಕು ವಾರ್ತೆ' ಎಂದು ಹೆಸರಾಯಿತು. ಮಂಡಿಯ ಯಜಮಾನರೇ ಮೊದಲ ಜಾಹೀರಾತು ಕೊಟ್ಟರು. ಅವಳ ವಾರ್ತೆ ಕೇಳಿ ಮಾಲು ಬರುತ್ತಿತ್ತಲ್ಲ, ಅವರಿಗೆ ಸಂತೋಷ.

ನನಗೂ ಅವಳಿಗೂ ಪರಿಚಯವಾದದ್ದು ಜಗಳದಿಂದ.

ನಾನು ಶೆಟ್ಟಿಕೆರೆಯ ಸೊಸೆ. ನಮ್ಮತ್ತೆ ಸಿದ್ದಗಂಗಮ್ಮನವರು ತೋಟದ ಯಜಮಾನಿ, ಮನೆಯ ಯಜಮಾನಿ, ಬೀದಿಯಲ್ಲಿ ಯಾರಿಗಾದರೂ ಬುದ್ಧಿ ಹೇಳಬೇಕಾದರೆ ಅದಕ್ಕೂ ಅವರೇ. ಒಂದು ಟೆಂಡರಿನ ದಿನ ಗಿಟುಕು ವಾರ್ತೆಯಲ್ಲಿ ಬಂದ ರೇಟು ಕೇಳಿ ಅವರ ಕಣ್ಣು ಅರಳಿತು. ಅಟ್ಟದ ಮುಂದಿನ ಅರ್ಧ ಒಣಗಿತ್ತು, ಹಿಂದಿನ ಅರ್ಧದಲ್ಲಿ ಇನ್ನೂ ನೀರಿತ್ತು. ನಾನು ಹೇಳಲು ಹೋದೆ. "ನೀನು ಸುಮ್ಕಿರು, ರೇಟು ಕಾಯ್ತಾ ಕೂರುತ್ತಾ?" ಎಂದು ನನ್ನ ಬಾಯಿ ಮುಚ್ಚಿಸಿ ಆಳುಗಳನ್ನು ಕರೆಸಿದರು. ಎರಡು ದಿನದಲ್ಲಿ ಅಟ್ಟ ಬರಿದಾಯಿತು. ತಿಪಟೂರಿಗೆ ಹೋದರೆ, ಆ ರೇಟು ಸಿಕ್ಕಿದ್ದು ಯಾರೋ ಒಬ್ಬರ ಆಯ್ದ ಮಾಲಿಗೆ, ಅದೂ ಬೆರಳೆಣಿಕೆಯ ಚೀಲಕ್ಕೆ. ಮಿಕ್ಕವರದ್ದೆಲ್ಲ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. ನಮ್ಮ ಹಸಿ ಗಿಟುಕನ್ನಂತೂ ಮಂಡಿಯವರು ಮೂಸಿ ನೋಡಿ ಪಕ್ಕಕ್ಕೆ ತಳ್ಳಿದರು. ಒಂದು ವರ್ಷದ ಬೆಳೆ. ಅತ್ತೆ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಒಂದು ಹಸಿ ಗಿಟುಕನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಒರೆಸುತ್ತಿದ್ದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು ಅಳುವೇ ಬಂತು.

ಮೂರನೆಯ ದಿನ ಒಬ್ಬ ಹೆಂಗಸು ನಮ್ಮ ಅಂಗಳಕ್ಕೆ ಬಂದು ನಿಂತಳು. ಗಿಡ್ಡನೆಯ ಆಳು, ದುಂಡು ಮುಖ, ಕೈಯಲ್ಲಿ ಬಾಳೆಹಣ್ಣು. "ಅಜ್ಜಿ, ನಾನೇ ರೇಟು ಹೇಳ್ದೋಳು" ಎಂದಳು. ಯಾರೋ ಅವಳಿಗೆ ವಿಷಯ ಮುಟ್ಟಿಸಿದ್ದರು. ನಮ್ಮತ್ತೆ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲಿನದ್ದನ್ನು ಅರ್ಧ ಮಾತ್ರ ಬರೆಯಬಹುದು.

"ಏನವ್ವಾ, ಅಷ್ಟೊಂದು ರೇಟು ಅಂತ ಸಾರಿದ್ಯಲ್ಲ, ಯಾರಿಗೆ? ಎಷ್ಟು ಚೀಲಕ್ಕೆ? ಮಿಕ್ಕೋರದ್ದು ಎಷ್ಟಕ್ಕೆ ಹೋಯ್ತು? ಅದ್ನ ಯಾಕೆ ಹೇಳ್ಲಿಲ್ಲ? ಯಾರೋ ಒಬ್ಬನ ಮನೆ ಹೋಳಿಗೆ ತೋರ್ಸಿ ಊರೋರ್ನೆಲ್ಲ ಊಟಕ್ಕೆ ಕರೆದಂಗಾಯ್ತು ನಿನ್ ವಾರ್ತೆ. ನಾನು ಮುದುಕಿ, ಅಲ್ಲಾಡಿಸಿ ನೋಡ್ದೆ ಒಡ್ಸಿದ್ದು ನನ್ ತಪ್ಪು, ಒಪ್ಪುತೀನಿ. ನಿನ್ ತಪ್ಪು ನೀನು ಒಪ್ಪೇ."

"ಒಪ್ಪೋಕೇ ಬಂದೆ ಅಜ್ಜಿ. ಎಲ್ಲಾರೂ ಜಾಸ್ತಿ ರೇಟೇ ಹೇಳ್ತಾರೆ, ನಾನೂ ಅದನ್ನೇ ಹೇಳ್ದೆ. ಸುಳ್ಳಲ್ಲ ಅದು. ಆದ್ರೆ ನಿಮ್ ಅಟ್ಟ ಖಾಲಿ ಆಗೋಯ್ತು."

ಅಷ್ಟು ಹೇಳಿ ಅವಳು ಸೆರಗಿನ ಮರೆಯಿಂದ ಫೋನು ಹೊರತೆಗೆದಳು. ಬೈಗುಳವೆಲ್ಲ ರೆಕಾರ್ಡಾಗಿತ್ತು. "ಇದನ್ನ ವಾರ್ತೇಲಿ ಹಾಕ್ಲಾ?" ಎಂದು ಕೇಳಿದಳು. ನಾನು ಬೇಡ ಎನ್ನುವುದರೊಳಗೆ ಅತ್ತೆ "ಹಾಕು, ನಂಗೇನು ಭಯ. ಒಂದಕ್ಷರ ಕಡಿಮೆ ಮಾಡ್ಬ್ಯಾಡ" ಎಂದರು.

ಅವಳು ಒಂದಕ್ಷರ ಕಡಿಮೆ ಮಾಡಲಿಲ್ಲ. ಮುಂದಿನ ವಾರ್ತೆಯಲ್ಲಿ ಮೊದಲು ತನ್ನ ತಪ್ಪು ಹೇಳಿದಳು, ಆಮೇಲೆ ನಮ್ಮತ್ತೆಯ ಬೈಗುಳವನ್ನು ಇಡಿಯಾಗಿ ಬಿಟ್ಟಳು. ಮೂರು ತಾಲೂಕು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ತವರಿನವರು ತುರುವೇಕೆರೆಯಿಂದ ಫೋನು ಮಾಡಿ "ನಿಮ್ಮತ್ತೆ ಬಾಯಿ ಇಷ್ಟು ಜೋರು ಅಂತ ಮದುವೆಗೆ ಮುಂಚೆ ಯಾರೂ ಹೇಳ್ಲೇ ಇಲ್ವಲ್ಲೇ" ಎಂದರು. ಆದರೆ ಅಂದಿನಿಂದ ಗಿಟುಕು ವಾರ್ತೆ ಬದಲಾಯಿತು. ಅತಿ ಹೆಚ್ಚಿನ ರೇಟು, ಅತಿ ಕಡಿಮೆ ರೇಟು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಹೆಚ್ಚು ಚೀಲ ಹೋದ ರೇಟು, ಹೀಗೆ ಮೂರನ್ನೂ ಹೇಳತೊಡಗಿದಳು. ಮಾರುಕಟ್ಟೆ ಇಲಾಖೆಯ ಪಟ್ಟಿಯಲ್ಲಿ ಇವೆಲ್ಲ ತಡವಾಗಿಯಾದರೂ ಬರುತ್ತವೆ, ಇಲ್ಲ ಎನ್ನುವುದಿಲ್ಲ, ಯಾರದು ಎಷ್ಟು ಚೀಲ ಎಂಬ ವಿವರ ಮಾತ್ರ ಇರುವುದಿಲ್ಲ. ಆದರೆ ಬೆಳಗ್ಗೆ ಹಾಲು ಹಾಕಿ, ಗೊಬ್ಬರ ಎತ್ತಿ ಬಂದವರು ಪಟ್ಟಿ ಹುಡುಕುತ್ತಾ ಕೂರುತ್ತಾರೆಯೇ? ಹಳ್ಳಿಗೆ ಬಾಯಿಂದ ಬಾಯಿಗೆ ತಲುಪುತ್ತಿದ್ದುದು ಮೇಲಿನ ಅಂಕಿ ಒಂದೇ. ಅದರ ಜೊತೆಗೆ ಭಾನುವಾರ ಅರ್ಧ ಗಂಟೆ ಕೇಳುಗರಿಗೇ ಬಿಟ್ಟಳು. ವಾರದಲ್ಲಿ ವಾರ್ತೆ ಮಾಡಿದ ತಪ್ಪಿಗೆ ಯಾರು ಬೇಕಾದರೂ ಬೈಯಬಹುದು. ನಮ್ಮ ಜನಕ್ಕೆ ಇನ್ನೇನು ಬೇಕು.

ನಾನು ಬಿ.ಎ. ಕನ್ನಡ ಓದಿದವಳು. ಅವಳ ವಾಕ್ಯಗಳನ್ನು ಕೇಳಿ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ದಿನ ತಡೆಯಲಾರದೆ ತಿದ್ದಿ ಕಳಿಸಿದೆ. ಮರುದಿನವೂ ಕಳಿಸಿದೆ. ತಿಂಗಳ ಕೊನೆಗೆ ಅವಳು ಸಂಬಳ ಕಳಿಸಿದಳು. ಹೀಗೆ ಜಗಳವಾಡಿದ ಮನೆಯಿಂದಲೇ ಅವಳು ಆಳು ಎತ್ತಿಕೊಂಡು ಹೋದಳು. ಅವಳ ನೋಟುಪುಸ್ತಕದಲ್ಲಿ ಕನ್ನಡವೆಲ್ಲ ನೇಪಾಳಿಯ ನಾಗರಿ ಲಿಪಿಯಲ್ಲಿತ್ತು. ಬಸ್ಸಿನ ಬೋರ್ಡು ಓದಿ ಓದಿ ನಮ್ಮ ಅಕ್ಷರ ಕಲಿತಳು. ಹಾಗಾಗಿ ಬಹಳ ಕಾಲ ಅವಳಿಗೆ ಸರಾಗವಾಗಿ ಬರೆಯಲು ಬರುತ್ತಿದ್ದುದು ಊರಿನ ಹೆಸರುಗಳು ಮಾತ್ರ.

ಅವಳಿಗೆ ಸಿಟ್ಟು ಬರುತ್ತಿದ್ದುದು ಕಡಿಮೆ. ಬಂದರೆ ಕೆಲಸ ನಿಲ್ಲಿಸಿ ಮೂಲಂಗಿ ಉಪ್ಪಿನಕಾಯಿಯ ಡಬ್ಬಿ ತೆರೆದು ತಿನ್ನುತ್ತಾ ಕೂರುತ್ತಿದ್ದಳು. ಕುರುಕುರು ಸದ್ದು ಕೇಳಿದರೆ ನಾವು ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಮಂಡಿ ಯಜಮಾನರು ಕರೆಸಿದ ದಿನ ಅವಳು ಇಡೀ ಡಬ್ಬಿ ಖಾಲಿ ಮಾಡಿದಳು.

ಅವರು ಹೇಳಿದ್ದು ಇಷ್ಟು: "ನೋಡವ್ವ, ಜಾಸ್ತಿ ರೇಟು ಒಂದು ಹೇಳು ಸಾಕು. ಮಾಲು ಬಂದು ಬೀಳ್ಲಿ. ಚೀಲ ಎಣಿಸೋ ಉಸಾಬರಿ ನಿಂಗ್ಯಾಕೆ? ಹೊರದೇಶದೋಳು ನೀನು." ಜನ ರೇಟಿನ ನಿಜ ತಿಳಿದು ಮಾಲು ತಡೆದು ನಿಲ್ಲಿಸುತ್ತಿದ್ದುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಇವಳು ಆಗುವುದಿಲ್ಲ ಎಂದಳು. ವಾರದೊಳಗೆ ಧನಬಹದ್ದೂರನ ಕೆಲಸ ಹೋಯಿತು, ಕೋಣೆ ಹೋಯಿತು, ಜಾಹೀರಾತು ಹೋಯಿತು. ಅವರ ಮಾತು ಕೇಳಿ ಇನ್ನೂ ನಾಲ್ಕಾರು ಮಂಡಿಯವರು ತಮ್ಮ ಗುಮಾಸ್ತರ ಬಾಯಿಗೆ ಬೀಗ ಹಾಕಿದರು. ಎಷ್ಟು ಚೀಲ ಯಾವ ರೇಟಿಗೆ ಹೋಯಿತೆಂದು ಇವಳಿಗೆ ಹೇಳುವವರೇ ಇಲ್ಲವಾದರು.

ನಾವು ಅವರ ಪಾತ್ರೆ ಪಗಡೆ ಹೊತ್ತು ಕಿಬ್ಬನಹಳ್ಳಿ ಕ್ರಾಸಿಗೆ ಬಂದೆವು. ಮೂರೂ ತಾಲೂಕಿನ ಬಸ್ಸು ನಿಲ್ಲುವ ಜಾಗ. ಟೈರು ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಲಾರಿಗಳ ಸದ್ದು ಒಳಗೆ ಬಾರದಂತೆ ಧನಬಹದ್ದೂರ್ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆದ. ಅಲ್ಲಿ ಕೂತು ಬಿಮಲಕ್ಕ ವಾರ್ತೆಯಲ್ಲಿ ನೇರವಾಗಿ ಹೇಳಿದಳು: "ಮಂಡಿಯೋರು ನಂಗೆ ಹೇಳ್ತಿಲ್ಲ. ನಿಮ್ ಮಾಲು ಎಷ್ಟಕ್ಕೆ ಹೋಯ್ತು ಅಂತ ನೀವೇ ಹೇಳಿ. ಈ ಟೆಂಡರಿಗೆ ಯಾರೂ ಹೇಳ್ದಿದ್ರೆ ಗಿಟುಕು ವಾರ್ತೆ ಮುಚ್ತೀನಿ. ಅರ್ಧ ರೇಟು ಹೇಳೋ ಕೆಲ್ಸ ನಾನು ಇನ್ನ ಮಾಡಲ್ಲ."

ಇನ್ನು ಮುಚ್ಚುವುದೇ ಗತಿ ಎಂದುಕೊಂಡೆ ನಾನು. ಏಕೆಂದರೆ ನಮ್ಮ ಸೀಮೆಯಲ್ಲಿ ಯಾರೂ ತಮ್ಮ ರೇಟು ಹೇಳುವುದಿಲ್ಲ. ಮಗಳಿಗೆ ಗಂಡು ಗೊತ್ತಾದದ್ದು ಹೇಳುತ್ತಾರೆ, ಮೂಲವ್ಯಾಧಿ ಆದದ್ದನ್ನೂ ಹೇಳುತ್ತಾರೆ, ಕೊಬ್ಬರಿ ಎಷ್ಟಕ್ಕೆ ಹೋಯಿತೆಂದು ಮಾತ್ರ ಕೇಳಬಾರದು. ಹೆಚ್ಚಿಗೆ ಹೋಗಿದ್ದರೆ ಕಣ್ಣು ಬೀಳುತ್ತದೆ, ಕಡಿಮೆಗೆ ಹೋಗಿದ್ದರೆ ಮರ್ಯಾದೆ ಹೋಗುತ್ತದೆ. "ಏನೋ ಹೋಯ್ತು ಬುಡು" ಎಂದರೆ ಮುಗಿಯಿತು. ಮದುವೆಯಾದ ಹದಿನೈದು ವರ್ಷದಲ್ಲಿ ನಮ್ಮ ಮನೆಯವರು ನನಗೇ ಸರಿಯಾದ ರೇಟು ಹೇಳಿದ್ದು ಅನುಮಾನ. "ಅಕ್ಕ, ಬೇರೆ ಏನಾದ್ರೂ ಕೇಳ್ಬಾರ್ದಿತ್ತಾ" ಎಂದೆ. "ಬೇರೆ ಏನಿದೆ ನಂಗೆ ಕೇಳೋಕೆ" ಎಂದಳು. ಗಂಡನಿಗೆ ಕೆಲಸವಿಲ್ಲ, ಮಂಡಿಯಲ್ಲಿ ಗಿಟುಕು ಆರಿಸುವ ಕೆಲಸವೂ ಇನ್ನು ಸಿಗುವುದಿಲ್ಲ. ಮುಚ್ಚಿದರೆ ಗಂಟುಮೂಟೆ ಕಟ್ಟಿ ಊರು ಸೇರುವುದೊಂದೇ ದಾರಿ. ಅದು ಅವಳಿಗೂ ಗೊತ್ತಿತ್ತು.

ಟೆಂಡರಿನ ದಿನ ಬೆಳಗ್ಗೆಯಿಂದ ಫೋನು ಮುಂದಿಟ್ಟುಕೊಂಡು ಕೂತೆವು. ಹನ್ನೊಂದಾಯಿತು. ಹನ್ನೆರಡಾಯಿತು. ಬಂದ ಫೋನುಗಳೆಲ್ಲ ರೇಟು ಕೇಳುವವರದ್ದೇ. ಒಬ್ಬರು ಮಾರಿದ್ದೇವೆ ಎಂದರು, ಎಷ್ಟಕ್ಕೆ ಎಂದರೆ "ಏನೋ ಹೋಯ್ತು ಬುಡವ್ವ" ಎಂದು ಇಟ್ಟುಬಿಟ್ಟರು. ನನಗೆ ಅವರೆಲ್ಲರ ಮೇಲೆ ಎಷ್ಟು ಕೋಪ ಬಂತೆಂದರೆ, ಎದುರಿಗಿದ್ದಿದ್ದರೆ ನಾಲ್ಕು ಬಿಡುತ್ತಿದ್ದೆ. ಧನಬಹದ್ದೂರ್ ಟೀ ತಂದಿಟ್ಟ. ಯಾರೂ ಮುಟ್ಟಲಿಲ್ಲ.

ಆಗ ಒಂದು ಫೋನು ಬಂತು. ಹಿಂದೆ ಚೀಲ ಎಸೆಯುವ ಸದ್ದು, ತಕ್ಕಡಿಯ ಸದ್ದು. "ರೆಕಾರ್ಡ್ ಹಾಕಿದೀಯೇನೇ?" ಎಂಬ ಗಂಟಲು ಕೇಳಿ ನಾನು ಎದ್ದು ನಿಂತೆ. ನಮ್ಮತ್ತೆ. ಮನೆಯಲ್ಲಿ ಯಾರಿಗೂ ಹೇಳದೆ, ಆಮೇಲೆ ಸುಲಿಸಿದ್ದರಲ್ಲಿ ಉಳಿದಿದ್ದ ಮುರಿದ ಅರ್ಧಂಬರ್ಧ ಮಾಲನ್ನು ಆಟೋಗೆ ಹಾಕಿಕೊಂಡು, ಆ ಯಜಮಾನರ ಮಂಡಿಗೇ ಹೋಗಿ ಅವರ ಎದುರಿಗೇ ನಿಂತು ಮಾತನಾಡುತ್ತಿದ್ದರು.

"ನಾನು ಸಿದ್ದಗಂಗಮ್ಮ. ಶೆಟ್ಟಿಕೆರೆ. ಚೀಲ ಏಳು. ಮಾಲು ಎರಡನೇ ದರ್ಜೇದು, ಒಂದಷ್ಟು ಮುರ್ದೈತೆ, ಮುಚ್ಚಿಡೋದೇನೈತೆ." ಆಮೇಲೆ ರೇಟು ಹೇಳಿದರು, ಪೈಸೆ ಬಿಡದೆ. ಬಹಳ ಕಡಿಮೆಯ ರೇಟು. ಎಷ್ಟೆಂದು ಇಲ್ಲಿ ಬರೆಯಲಾರೆ, ಎಷ್ಟಾದರೂ ನಾನೂ ಇದೇ ಸೀಮೆಯವಳು. "ಕೇಳಿಸ್ತಾ ಎಲ್ಲಾರ್ಗೂ? ಹೊರಗ್ನಿಂದ ಬಂದೋಳು ತನ್ ತಪ್ಪು ಊರಿಗೆಲ್ಲ ಹೇಳ್ಕಂಡ್ಲು. ನಿಮ್ಗೆ ನಿಮ್ ರೇಟು ಹೇಳೋಕೆ ಏನು ಕೇಡು?"

ಬಿಮಲಕ್ಕ ಅದನ್ನು ಹಾಗೆಯೇ ಕಳಿಸಿದಳು. ಐದು ನಿಮಿಷ ಏನೂ ಇಲ್ಲ. ಆಮೇಲೆ ತುರುವೇಕೆರೆ ಕಡೆಯ ಒಬ್ಬರು, ದನಿ ತಗ್ಗಿಸಿ, ಯಾರೋ ಪಕ್ಕದಲ್ಲಿದ್ದಾರೆ ಎಂಬಂತೆ, ಚೀಲ ಇಷ್ಟು, ರೇಟು ಇಷ್ಟು ಎಂದರು. ಅವರು ಇಡುವುದರೊಳಗೆ ಇನ್ನೊಂದು. ಒಬ್ಬ ಹೆಂಗಸು ಗಂಡನ ಕೈಯಿಂದ ಚೀಟಿ ಕಿತ್ತುಕೊಂಡು ಓದಿದಳು, ಹಿಂದೆ ಆತ ಬ್ಯಾಡ ಕಣೇ ಬ್ಯಾಡ ಕಣೇ ಎನ್ನುವುದೂ ಕೇಳುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ನನ್ನ ಬೆರಳು ಬರೆದು ಬರೆದು ಮರಗಟ್ಟಿತ್ತು. ತಿಪಟೂರಿನಿಂದ ಬಂದ ಬಸ್ಸು ಕೆಳಗೆ ನಿಂತಾಗ, ಮಾಲು ಮಾರಿ ಬರುತ್ತಿದ್ದವರು ಇಳಿದು ಮೆಟ್ಟಿಲು ಹತ್ತಿದರು. ಚಪ್ಪಲಿ ಹೊರಗೆ ಬಿಟ್ಟು ಒಬ್ಬೊಬ್ಬರಾಗಿ ಒಳಗೆ ಬಂದು, ಸಾಕ್ಷಿ ಹೇಳುವವರಂತೆ ಮೈಕಿನ ಮುಂದೆ ನಿಂತು, ಹೆಸರು, ಊರು, ಚೀಲ, ರೇಟು ಹೇಳಿ ಹೋದರು. ಮಂಡಿಯವರೆಲ್ಲ ಒಟ್ಟಾಗಿ ಬಾಯಿ ಬಿಟ್ಟಿದ್ದರೂ ಅಷ್ಟು ಸಿಗುತ್ತಿರಲಿಲ್ಲ. ಸಂಜೆ ಮೂರೂ ರೇಟು ಓದುವಾಗ ಬಿಮಲಕ್ಕ ಎರಡು ಸಲ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತುಬಿಟ್ಟೆ, ಇಬ್ಬರೂ ಅಳುತ್ತಲೇ ನಕ್ಕೆವು.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಯೂಟ್ಯೂಬಿನಲ್ಲಿ ಚಾನೆಲ್ ಶುರುವಾಯಿತು. ಧನಬಹದ್ದೂರ್ ಕ್ಯಾಮೆರಾ ಹಿಡಿಯಲು ಕಲಿತ. ತುರುವೇಕೆರೆಗೆ, ಚಿಕ್ಕನಾಯಕನಹಳ್ಳಿಗೆ ಒಬ್ಬೊಬ್ಬ ವರದಿಗಾರ್ತಿ. ಒಂದು ಕೋಣೆ ಇದ್ದದ್ದು ಇಡೀ ಮಹಡಿಯಾಯಿತು. ಕರೆಂಟು ಯಾವ ಊರಿಗೆ ಎಷ್ಟು ಹೊತ್ತಿಗೆ, ಯಾವ ಗೊಬ್ಬರ ಬಂದಿದೆ, ನುಸಿ ರೋಗಕ್ಕೆ ಏನು ಮಾಡಬೇಕು, ಎಲ್ಲ ಬಂತು. ಬೇರೆ ಜಿಲ್ಲೆಯವರು ನಮ್ಮಲ್ಲೂ ಶುರು ಮಾಡಿ ಎಂದು ಬಂದು ಕೂತರು. ಎರಡು ವರ್ಷದ ಮೇಲೆ ಆ ಮಂಡಿ ಯಜಮಾನರೂ ಮೆಟ್ಟಿಲು ಹತ್ತಿ ಬಂದರು. ಗಿಟುಕು ವಾರ್ತೆಯಲ್ಲಿ ಹೆಸರು ಬಾರದ ಮಂಡಿಗೆ ಮಾಲು ಕಡಿಮೆಯಾಗಿತ್ತು. ನನಗಾದರೆ ಮುಖದ ಮೇಲೆ ಬಾಗಿಲು ಹಾಕುವ ಆಸೆ. ಬಿಮಲಕ್ಕ ಕೂರಿಸಿ ಟೀ ಕೊಡಿಸಿದಳು. ತಮ್ಮ ಜಾಹೀರಾತು ವಾರ್ತೆಯ ಆರಂಭಕ್ಕೇ ಬರಲಿ ಎಂದು ಅವರು ಕೇಳಿದರು. "ಸಾವ್ಕಾರ್ರೇ, ಮೊದ್ಲು ರೇಟು, ಆಮೇಲೆ ನೀವು" ಎಂದಳು. ಅವರು ಒಪ್ಪಿಕೊಂಡು ಟೀ ಕುಡಿದು ಹೋದರು.

ಈ ವರ್ಷ ಅವಳು ಊರಿಗೆ ಹೊರಟಳು. ಸೋತು ಹೊರಟದ್ದಲ್ಲ. ಅವರ ಗುಡ್ಡದ ಏಲಕ್ಕಿಯವರಿಗೂ ಇಂಥದ್ದೊಂದು ಬೇಕು ಎಂಬುದು ಬಹಳ ದಿನದಿಂದ ಅವಳ ತಲೆಯಲ್ಲಿತ್ತು. ಇಲ್ಲಿಯದನ್ನು ನನ್ನ ಕೈಗೆ ಒಪ್ಪಿಸಿದಳು. ಹೊರಡುವ ಮುಂಚೆ ಶೆಟ್ಟಿಕೆರೆಗೆ ಬಂದಳು. ನಮ್ಮತ್ತೆ ಅವಳನ್ನು ಮಣೆಯ ಮೇಲೆ ಕೂರಿಸಿ, ಮನೆಮಗಳಿಗೆ ಮಾಡುವಂತೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿದರು. ಬಿಮಲಕ್ಕ ಸೆರಗು ಹಿಡಿದುಕೊಂಡೇ "ಅಜ್ಜಿ, ಅಲ್ಲೂ ಇಲ್ಲಿ ತರಾನೇ, ಯಾರೂ ರೇಟು ಹೇಳಲ್ಲ. ನಮ್ಮಪ್ಪ ಇವತ್ತಿನವರ್ಗೂ ನಮ್ಮಮ್ಮನಿಗೇ ಹೇಳಿಲ್ಲ" ಎಂದಳು. ಮೊದಲ ಸಲ ಅವಳ ಮುಖದಲ್ಲಿ ಅಂಜಿಕೆ ಕಂಡೆ. ಅತ್ತೆ "ಒಬ್ರು ಬಾಯಿ ಬಿಟ್ರೆ ಸಾಕು, ಆ ಒಬ್ರನ್ನ ಹುಡುಕ್ಕೊ, ಹೋಗು" ಎಂದು ಕುಂಕುಮ ಇಟ್ಟರು. ಕ್ರಾಸಿನಲ್ಲಿ ಬಸ್ಸು ಹತ್ತಿಸಿ ಬಂದೆ. ಅವಳ ಕುರ್ಚಿಯಲ್ಲಿ ಕೂರಲು ನನಗೆ ಎಂಟು ದಿನ ಬೇಕಾಯಿತು.

ಏಲಕ್ಕಿ ಸುಗ್ಗಿ ಶುರುವಾದ ಮೇಲೆ, ಒಂದು ಮಧ್ಯಾಹ್ನ ಅವಳಿಂದ ಒಂದು ರೆಕಾರ್ಡು ಬಂತು. ಅತ್ತೆಯ ಮುಂದೆ ಕೂತು ಹಾಕಿದೆ. ಯಾರೋ ಮುದುಕರ ದನಿ. ಭಾಷೆ ನಮಗೆ ತಿಳಿಯದು. ತಡವರಿಸುತ್ತಾ, ಮಧ್ಯೆ ಕೆಮ್ಮುತ್ತಾ, ನಾಲ್ಕು ಮಾತು ಹೇಳಿ ನಿಲ್ಲಿಸಿದರು. ಕೆಳಗೆ ಬಿಮಲಕ್ಕ ನಮ್ಮ ಅಕ್ಷರದಲ್ಲಿ ಬರೆದಿದ್ದಳು: ನಮ್ಮಪ್ಪ. ಹೆಸರು, ಊರು, ಚೀಲ, ರೇಟು.

ಓದಿ ಹೇಳಿದೆ. ಅತ್ತೆ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಇನ್ನೊಂದು ಸಲ ಹಾಕಿಸಿಕೊಂಡು ತಲೆ ಬಾಗಿಸಿ ಕೇಳಿದರು.

"ನಿಜವಾದ ರೇಟೇನಾ ಹೇಳವ್ನೆ, ಕೇಳು ಅವ್ಳನ್ನ" ಎಂದರು.

ಕೇಳಿದೆ. ಉತ್ತರ ಕೂಡಲೇ ಬಂತು, ಬಿಮಲಕ್ಕನದೇ ದನಿಯಲ್ಲಿ: "ನಿಜಾನೇ ಅಜ್ಜಿ. ಅಮ್ಮ ಪಕ್ಕದಲ್ಲೇ ನಿಂತ್ಕೊಂಡು ಕೇಳಿ ಬೈತಾ ಅವ್ರೆ, ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ ಅಂತ."